ಇಂಟರ್‌ಸೆಪ್ಟರ್‌ಗೂ ಮುಂಚೆ ಒಬ್ಬ ಟರ್ನರ್ ಇದ್ರು

ಭಾನುವಾರ ಬೆಳಗ್ಗೆ ದೇವನಹಳ್ಳಿ ಕಡೆ ಇರೋರಿಗೆ ಅಲಾರಂ ಬೇಕಾಗಲ್ಲ. ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟಕ್ಕೆ ಹೊರಟ ಬೈಕುಗಳೇ ಎಬ್ಬಿಸುತ್ತವೆ. ಬುಲೆಟ್‌ನ ಡುಗು ಡುಗು ನಮಗೆ ಚಿಕ್ಕಂದಿನಿಂದ ಗೊತ್ತು. 2018ರ ನವೆಂಬರ್‌ನಲ್ಲಿ ರಾಯಲ್ ಎನ್‌ಫೀಲ್ಡ್‌ನವರು ಇಂಟರ್‌ಸೆಪ್ಟರ್ 650 ತಂದ ಮೇಲೆ ಇನ್ನೊಂದು ಸದ್ದು ಸೇರಿಕೊಂಡಿದೆ. ದಪ್ಪ ಸದ್ದು, ಸ್ವಲ್ಪ ಕುಂಟುವ ತಾಳ. ಜೊತೆಗೆ ಅಲ್ಲೊಂದು ಇಲ್ಲೊಂದು ಟ್ರಯಂಫ್ ಬಾನೆವಿಲ್. ದುಂಡು ಹೆಡ್‌ಲೈಟು, ನೆಟ್ಟಗೆ ನಿಂತ ಎರಡು ಸಿಲಿಂಡರ್, ಎರಡೂ ಪಕ್ಕ ಒಂದೊಂದು ಸೈಲೆನ್ಸರ್.

ನೋಡೋಕೆ ತಾತನ ಕಾಲದ ಬೈಕು. ಆದರೆ ನಮ್ಮ ತಾತಂದಿರು ಓಡಿಸಿದ್ದು ಇದನ್ನಲ್ಲ! ಅವರ ಕಾಲದ್ದು ಮದ್ರಾಸಿನ ಒಂಟಿ ಸಿಲಿಂಡರ್ ಬುಲೆಟ್, ಇಲ್ಲಾ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ-ಸ್ಟ್ರೋಕ್ ಜಾವಾ, ಯೆಜ್ಡಿ. ಹಾಗಾದ್ರೆ ಈ ಎರಡು ಸಿಲಿಂಡರ್‌ನ ಹಳೇ ರೂಪ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದ್ರೆ ಸಿಗೋ ಹೆಸರು ಎಡ್ವರ್ಡ್ ಟರ್ನರ್.

ಟರ್ನರ್ ಹುಟ್ಟಿದ್ದು 1901ರ ಜನವರಿ 24ರಂದು, ಲಂಡನ್ನಿನಲ್ಲಿ. ತಂದೆಗೆ ಸಣ್ಣ ಎಂಜಿನಿಯರಿಂಗ್ ವರ್ಕ್‌ಶಾಪ್ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಹುಡುಗ ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆದರು. ವಾಪಸ್ ಬಂದು ಪೆಕ್‌ಹ್ಯಾಮ್‌ನಲ್ಲಿ ಬೈಕ್ ಅಂಗಡಿ ಇಟ್ಟರು. ಆ ಅಂಗಡಿಯಲ್ಲಿದ್ದಾಗಲೇ ತಮ್ಮದೇ ವಿನ್ಯಾಸದ 350 ಸಿಸಿ ಬೈಕೊಂದನ್ನು ಕಟ್ಟಿ ನಿಲ್ಲಿಸಿದರು.

ಅಲ್ಲಿಂದ ಏರಿಯಲ್ ಕಂಪನಿ. ಮಾಲೀಕ ಜ್ಯಾಕ್ ಸ್ಯಾಂಗ್‌ಸ್ಟರ್‌ಗೆ ಟರ್ನರ್ ತೋರಿಸಿದ್ದು ವಿಚಿತ್ರ ಐಡಿಯಾ: ನಾಲ್ಕು ಸಿಲಿಂಡರ್‌ಗಳನ್ನು ಕೇರಂ ಬೋರ್ಡಿನ ನಾಲ್ಕು ಮೂಲೆಗಳ ಹಾಗೆ ಚೌಕವಾಗಿ ನಿಲ್ಲಿಸಿ, ಎರಡು ಕ್ರ್ಯಾಂಕ್‌ಶಾಫ್ಟ್‌ಗಳನ್ನು ಗೇರ್‌ನಿಂದ ಜೋಡಿಸೋದು. 1930ರ ಲಂಡನ್ ಪ್ರದರ್ಶನಕ್ಕೆ ಸ್ಕ್ವೇರ್ ಫೋರ್ ಬಂತು. ಹಿಂದಿನ ಎರಡು ಸಿಲಿಂಡರ್‌ಗೆ ಗಾಳಿ ಸಿಗದೆ ಬಿಸಿಯಾಗುತ್ತಿತ್ತು ಅನ್ನೋದು ಬೇರೆ ಮಾತು. ಐಡಿಯಾ ಮೊದಲು, ತೊಂದರೆ ಆಮೇಲೆ. ಟರ್ನರ್ ಕೆಲಸ ನೋಡಿದಾಗಲೆಲ್ಲ ನಮಗೆ ಇದು ಕಾಣುತ್ತೆ.

1936ರಲ್ಲಿ ಸ್ಯಾಂಗ್‌ಸ್ಟರ್ ಕುಸಿಯುತ್ತಿದ್ದ ಟ್ರಯಂಫ್ ಮೋಟಾರ್‌ಸೈಕಲ್ ವ್ಯವಹಾರವನ್ನು ಕೊಂಡು, 35ರ ಟರ್ನರ್ ಕೈಗೆ ಕೊಟ್ಟರು. ಮುಂದಿನ ವರ್ಷ ಬಂದದ್ದು ಸ್ಪೀಡ್ ಟ್ವಿನ್. ನಮ್ಮ ಇಡೀ ಕಥೆ ನಿಂತಿರೋದು ಈ ಬೈಕಿನ ಮೇಲೆ.

ಎರಡು ಸಿಲಿಂಡರ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದ ಮೊದಲಿಗರು ಟರ್ನರ್ ಅಲ್ಲ. ಅದೇ ಟ್ರಯಂಫ್‌ನಲ್ಲಿ ವಾಲ್ ಪೇಜ್ 1933ರಲ್ಲೇ 650 ಸಿಸಿಯ ಅಂಥ ಎಂಜಿನ್ ಮಾಡಿದ್ದರು. ಗಟ್ಟಿ ಎಂಜಿನ್, ಆದರೆ ಭಾರ, ಸೈಡ್‌ಕಾರ್ ಎಳೆಯೋಕೆ ಸರಿ. ಜನ ಅಷ್ಟಾಗಿ ಕೊಳ್ಳಲಿಲ್ಲ. ಆಗ ಬ್ರಿಟನ್ನಿನ ಹುಡುಗರಿಗೆ ಬೈಕ್ ಅಂದ್ರೆ ಒಂಟಿ ಸಿಲಿಂಡರ್, ನಮ್ಮಲ್ಲಿ ಎಷ್ಟೋ ಜನಕ್ಕೆ ಬೈಕ್ ಅಂದ್ರೆ ಬುಲೆಟ್ ಇದ್ದ ಹಾಗೆ. ಟರ್ನರ್ ಅದನ್ನ ಅರ್ಥ ಮಾಡಿಕೊಂಡರು. ತಮ್ಮ 250 ಸಿಸಿ ಟೈಗರ್ 70ರ ಅಳತೆಯನ್ನೇ ತಗೊಂಡರು: 63 ಮಿಲಿಮೀಟರ್ ಬೋರ್, 80 ಮಿಲಿಮೀಟರ್ ಸ್ಟ್ರೋಕ್. ಅಂಥ ಎರಡು ಸೇರಿದರೆ 498 ಸಿಸಿ. ಅದನ್ನು ಎಷ್ಟು ಚಿಕ್ಕದಾಗಿ ಕಟ್ಟಿದರು ಅಂದ್ರೆ 500 ಸಿಸಿ ಒಂಟಿ ಸಿಲಿಂಡರ್‌ನ ಟೈಗರ್ 90ರ ಫ್ರೇಮ್‌ನಲ್ಲೇ ಕೂತುಬಿಟ್ಟಿತು. ಆಗಿನ ಕೆಲವು ಒಂಟಿ ಸಿಲಿಂಡರ್ ಬೈಕುಗಳಿಗೂ ಎರಡು ಸೈಲೆನ್ಸರ್ ಇರುತ್ತಿದ್ದವು. ಹಾಗಾಗಿ ದೂರದಿಂದ ನೋಡಿದವರಿಗೆ ಇದೂ ಅಂಥದ್ದೇ ಅನ್ನಿಸುವಂತಿತ್ತು. ಬೆಲೆ 75 ಪೌಂಡ್. ಬಣ್ಣ ಕಡುಗೆಂಪು.

ಇಲ್ಲೇ ನಮಗೆ ಮಜಾ ಅನ್ನಿಸಿದ್ದು. ಇವತ್ತು ರೆಟ್ರೋ ಅಂತ ನಾವು ಕರೆಯೋ ಬೈಕಿನ ಅಜ್ಜನೇ ಒಂಥರಾ ರೆಟ್ರೋ. ಹೊಸ ಎಂಜಿನ್‌ಗೆ ಹಳೇ ಮುಖ, ಜನ ಹೆದರದಿರಲಿ ಅಂತ.

ಎಂಜಿನ್ ಒಳಗೆ ಎಲ್ಲವೂ ಅಷ್ಟು ಅಂದವಾಗಿರಲಿಲ್ಲ. ಮೊದಲು ಬ್ಯಾರೆಲ್ಲನ್ನು ಆರು ಸ್ಟಡ್‌ಗಳಿಂದ ಹಿಡಿಸಿದ್ದರು, ಅದು ಸಾಲದೆ ಎಂಟು ಮಾಡಬೇಕಾಯ್ತು. ಟರ್ನರ್ ಗೆರೆಯಲ್ಲಿ ಜಾಣರು, ಜನಕ್ಕೆ ಏನು ಬೇಕು ಅಂತ ಊಹಿಸೋದರಲ್ಲಿ ಇನ್ನೂ ಜಾಣರು. ತಾಂತ್ರಿಕ ಲೆಕ್ಕಾಚಾರದಲ್ಲಿ ಅಷ್ಟು ಪಳಗಿದವರಲ್ಲ ಅನ್ನೋದು ಜೊತೆಗೆ ದುಡಿದ ಬರ್ಟ್ ಹಾಪ್‌ವುಡ್ ಅವರ ಅಭಿಪ್ರಾಯ. ಕೋಪವೂ ಜಾಸ್ತಿ, ಖರ್ಚಿನಲ್ಲಿ ಬಿಗಿ.

ಅವರ ಕ್ರ್ಯಾಂಕ್ 360 ಡಿಗ್ರಿಯದು. ಎರಡೂ ಪಿಸ್ಟನ್ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಈ ಸುತ್ತಿಗೆ ಒಂದು ಸಿಲಿಂಡರ್ ಉರಿದರೆ ಮುಂದಿನ ಸುತ್ತಿಗೆ ಇನ್ನೊಂದು. ಫೈರಿಂಗ್ ಸಮ ಅಂತರದಲ್ಲಿ, ಒಂದೇ ಕಾರ್ಬ್ಯುರೇಟರ್ ಸಾಕು, ತಯಾರಿ ಅಗ್ಗ. ಆದರೆ ಎರಡೂ ಪಿಸ್ಟನ್ ಒಂದೇ ದಿಕ್ಕಿಗೆ ನೂಕಿದರೆ ನಡುಕ ಎಲ್ಲಿಗೆ ಹೋಗಬೇಕು? 500 ಸಿಸಿಯಲ್ಲಿ ಹೇಗೋ ನಡೀತು. ಎಂಜಿನ್ ದೊಡ್ಡದಾದಂತೆ ಸವಾರನ ಕೈಗೆ ಜೋಮು.

1939ರಲ್ಲಿ ಕಾರು ಅಪಘಾತದಲ್ಲಿ ಹೆಂಡತಿ ತೀರಿಕೊಂಡರು. 1940ರ ನವೆಂಬರ್ 14ರ ರಾತ್ರಿ ಕವೆಂಟ್ರಿ ಮೇಲೆ ಬಿದ್ದ ಜರ್ಮನ್ ಬಾಂಬುಗಳಲ್ಲಿ ಕಾರ್ಖಾನೆಯೂ ಹೋಯ್ತು. ಹೊಸ ಕಾರ್ಖಾನೆ ಎದ್ದದ್ದು ಮೆರಿಡೆನ್ ಅನ್ನೋ ಹಳ್ಳಿ ಹತ್ತಿರ.

ಯುದ್ಧ ಮುಗಿದ ಮೇಲೆ ಟರ್ನರ್ ಕಣ್ಣು ಅಮೆರಿಕದ ಮೇಲೆ. ಅಲ್ಲಿನ ಉದ್ದ ರಸ್ತೆಗೆ 650 ಸಿಸಿ ಥಂಡರ್‌ಬರ್ಡ್. 1949ರಲ್ಲಿ ಮೂರು ಥಂಡರ್‌ಬರ್ಡ್‌ಗಳು ಪ್ಯಾರಿಸ್ ಹತ್ತಿರದ ಮಾಂಟ್ಲೆರಿ ಟ್ರ್ಯಾಕ್‌ನಲ್ಲಿ 500 ಮೈಲಿಯನ್ನು ಗಂಟೆಗೆ 90 ಮೈಲಿಗೂ ಮೀರಿದ ಸರಾಸರಿಯಲ್ಲಿ ಓಡಿದವು. 1953ರ ದಿ ವೈಲ್ಡ್ ಒನ್ ಸಿನಿಮಾದಲ್ಲಿ ಮಾರ್ಲನ್ ಬ್ರ್ಯಾಂಡೊ ಕೂತದ್ದೂ ಥಂಡರ್‌ಬರ್ಡ್ ಮೇಲೇ. ಬಿಎಸ್ಎ, ನಾರ್ಟನ್, ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್, ಎಲ್ಲರೂ ಇದೇ ದಾರಿಗೆ ಬಂದರು. ಆ ಎನ್‌ಫೀಲ್ಡ್ ಟ್ವಿನ್‌ಗಳ ಸಾಲಿನಲ್ಲೇ 1960ರ ದಶಕದ ಮೂಲ ಇಂಟರ್‌ಸೆಪ್ಟರ್ ಹುಟ್ಟಿದ್ದು.

1959ರ ಮಾಡೆಲ್ ಆಗಿ ಎರಡು ಕಾರ್ಬ್ಯುರೇಟರ್‌ನ ಬಾನೆವಿಲ್ ಬಂತು. ಅಮೆರಿಕದ ಉಪ್ಪಿನ ಬಯಲೊಂದರ ಹೆಸರು ಅದು, ಟ್ರಯಂಫ್ ಎಂಜಿನ್ ಅಲ್ಲಿ ವೇಗದ ಓಟ ಓಡಿತ್ತು. ಟರ್ನರ್‌ಗೆ ಇದರಲ್ಲಿ ಪೂರ್ತಿ ಮನಸ್ಸಿರಲಿಲ್ಲವಂತೆ. ಒಂದು ಎಂಜಿನ್ನನ್ನು ಎಷ್ಟು ದೂರ ಎಳೆಯಬಹುದು ಅಂತ ಅವರಿಗೆ ಅನುಮಾನ ಬಂದಿರಬೇಕು.

1960ರಲ್ಲಿ ಜಪಾನಿಗೆ ಹೋಗಿ ಹೋಂಡಾ, ಸುಜುಕಿ, ಯಮಾಹಾ ಕಾರ್ಖಾನೆಗಳನ್ನು ಕಣ್ಣಾರೆ ನೋಡಿದರು. ಆ ಯಂತ್ರಗಳು, ಆ ಉತ್ಪಾದನೆಯ ಪ್ರಮಾಣ ಬ್ರಿಟನ್ನಿಗೆ ದೊಡ್ಡ ಸವಾಲು ಅಂತ ವರದಿ ಬರೆದು ಎಚ್ಚರಿಸಿದರು. ಆದರೆ ಮೆರಿಡೆನ್‌ನಿಂದ ಹೊರಬರುತ್ತಿದ್ದ ದೊಡ್ಡ ಬೈಕುಗಳಲ್ಲಿ ಇದ್ದದ್ದು 1937ರ ಆ ಎಂಜಿನ್ನಿನ ಮಕ್ಕಳೇ, ಅದೇ ನಡುಕ, ಅದೇ ಆಯಿಲ್ ಸೋರಿಕೆ. ಅಷ್ಟು ಅಧಿಕಾರ ಕೈಯಲ್ಲಿದ್ದವರು ಬರೀ ವರದಿ ಬರೆದರೆ ಸಾಕಾ? ಸಾಲದು ಅಂತಲೇ ನಮ್ಮ ಅಭಿಪ್ರಾಯ. 1964ರಲ್ಲಿ ಅವರು ನಿವೃತ್ತರಾದರು. 1969ರಲ್ಲಿ ಹೋಂಡಾ ಸಿಬಿ750 ಬಂತು: ನಾಲ್ಕು ಸಿಲಿಂಡರ್, ಡಿಸ್ಕ್ ಬ್ರೇಕ್, ಗುಂಡಿ ಒತ್ತಿದರೆ ಸ್ಟಾರ್ಟ್.

ಟರ್ನರ್ ತೀರಿಕೊಂಡದ್ದು 1973ರ ಆಗಸ್ಟ್ 15ರಂದು. ಅದಾದ ಮುಂದಿನ ತಿಂಗಳೇ ಮೆರಿಡೆನ್ ಮುಚ್ಚುವ ಸುದ್ದಿ ಬಂತು. ಕಾರ್ಮಿಕರು ಗೇಟಿಗೆ ಅಡ್ಡ ಕೂತು, ಸಹಕಾರಿ ಸಂಘ ಕಟ್ಟಿ 1983ರವರೆಗೆ ಬೈಕ್ ಮಾಡಿದರು.

ಟ್ರಯಂಫ್ ಹೆಸರನ್ನು ಕೊಂಡ ಜಾನ್ ಬ್ಲೂರ್ ಹಿಂಕ್ಲಿಯಲ್ಲಿ ಹೊಸ ಕಾರ್ಖಾನೆ ಹಾಕಿದರು. 2001ರ ಹೊತ್ತಿಗೆ ಬಾನೆವಿಲ್ ಮತ್ತೆ ಬಂತು. ಆಮೇಲೆ ಫ್ಯುಯೆಲ್ ಇಂಜೆಕ್ಷನ್ ಬಂದಾಗ ಅದನ್ನು ಹಳೇ ಕಾರ್ಬ್ಯುರೇಟರ್ ಥರ ಕಾಣುವ ಚಿಪ್ಪಿನೊಳಗೆ ಬಚ್ಚಿಟ್ಟರು! ಇವತ್ತಿನ ಬಾನೆವಿಲ್, ಇಂಟರ್‌ಸೆಪ್ಟರ್ ಎರಡರಲ್ಲೂ ಕ್ರ್ಯಾಂಕ್ 270 ಡಿಗ್ರಿಯದು. ಒಂದು ಪಿಸ್ಟನ್ ತುದಿಯಲ್ಲಿ ನಿಂತಾಗ ಇನ್ನೊಂದು ನಡುದಾರಿಯಲ್ಲಿ ಓಡುತ್ತಿರುತ್ತೆ. ಉಳಿದ ನಡುಕಕ್ಕೆ ಬ್ಯಾಲೆನ್ಸರ್ ಶಾಫ್ಟ್ ಇದೆ. ಫೈರಿಂಗ್ ಅಂತರ ಒಮ್ಮೆ 270 ಡಿಗ್ರಿ, ಒಮ್ಮೆ 450. ಆ ಕುಂಟು ತಾಳ ಬರೋದು ಇದರಿಂದ. ಟರ್ನರ್ ಬೈಕುಗಳು ಈ ಥರ ಸದ್ದು ಮಾಡುತ್ತಲೇ ಇರಲಿಲ್ಲ.

ಇನ್ನು ಬಜಾಜ್ 2023ರಿಂದ ಚಾಕಣ್‌ನಲ್ಲಿ ಮಾಡುತ್ತಿರುವ ಟ್ರಯಂಫ್ ಸ್ಪೀಡ್ 400. ನಮ್ಮ ಪಾರ್ಕಿಂಗ್‌ನಲ್ಲೂ ನಿಲ್ಲುತ್ತೆ, ಟ್ಯಾಂಕು, ಹೆಡ್‌ಲೈಟು ನೋಡಿದರೆ ಸ್ಪೀಡ್ ಟ್ವಿನ್ ಮನೆತನದ್ದೇ. ಬಗ್ಗಿ ನೋಡಿ, ಸಿಲಿಂಡರ್ ಒಂದೇ.