ಗಂಜೀಫಾ ಆಟಕ್ಕೆ ಹೊಸ ರೂಪ ಕೊಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು

ಮಡಿಕೇರಿ: ಮೂರೇ ವರ್ಷಗಳ ಅಂತರದಲ್ಲಿ ಕನ್ನಡ ನಾಡಿನ ನೆರೆಹೊರೆಯ ಇಬ್ಬರು ಅರಸರು ಅಧಿಕಾರ ಕಳೆದುಕೊಂಡರು. 1831ರಲ್ಲಿ ಮೈಸೂರಿನ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿ ಕೈವಶ ಮಾಡಿಕೊಂಡಿತು. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರ ಪದಚ್ಯುತನಾದ. ಬಳಿಕ ಮೈಸೂರಿನ ಕಮಿಷನರರೇ ಕೊಡಗಿನ ಆಡಳಿತವನ್ನೂ ನೋಡಿಕೊಂಡರು. ಕೊಡಗಿನ ಅರಸ ಮೊದಲು ಕಾಶಿಗೆ, 1852ರಲ್ಲಿ ಲಂಡನ್ನಿಗೆ ತೆರಳಿ, ತನ್ನ ಸಂಪತ್ತಿಗಾಗಿ ಕಂಪನಿಯ ವಿರುದ್ಧ ದಾವೆ ಹೂಡಿ, 1859ರಲ್ಲಿ ಅಲ್ಲಿಯೇ ಕಣ್ಮುಚ್ಚಿದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿಯೇ ಉಳಿದು ರಾಜ್ಯಕ್ಕಾಗಿ ಮನವಿಗಳನ್ನು ಸಲ್ಲಿಸುತ್ತ, ವಿದ್ಯೆ, ಕಲೆ ಮತ್ತು ಆಟಗಳ ಲೋಕವನ್ನು ಕಟ್ಟಿದರು.

ಶ್ರೀರಂಗಪಟ್ಟಣದಲ್ಲಿ 1794ರಲ್ಲಿ ಜನಿಸಿದ ಕೃಷ್ಣರಾಜರು ಟಿಪ್ಪುವಿನ ಪತನದ ನಂತರ, 1799ರಲ್ಲಿ, ಐದನೆಯ ವಯಸ್ಸಿನಲ್ಲಿ ಪಟ್ಟವೇರಿದರು. ದಿವಾನ್ ಪೂರ್ಣಯ್ಯನವರ ಆಡಳಿತ ಮುಗಿದ ಮೇಲೆ ಸ್ವತಃ ಅಧಿಕಾರ ನಡೆಸಿದರೂ, ನಗರದ ರೈತರ ದಂಗೆಯನ್ನು ಕಾರಣವಾಗಿಟ್ಟುಕೊಂಡು ಕಂಪನಿ ಅದನ್ನು ಕಸಿದುಕೊಂಡಿತು. ಅರಸರ ಕೈಯಲ್ಲಿ ಉಳಿದದ್ದು ವರ್ಷಾಶನ, ಬಿರುದು ಮತ್ತು ಬಿಡುವು.

ಆ ಬಿಡುವು ವ್ಯರ್ಥವಾಗಲಿಲ್ಲ. ಜನಪ್ರಿಯವಾಗಿದ್ದ ಆಟಗಳನ್ನು ತೆಗೆದುಕೊಂಡು ಅವುಗಳ ಒಳರಚನೆಯನ್ನೇ ಅವರು ಬದಲಾಯಿಸಿದರು. ಮೊಗಲರ ಗಂಜೀಫಾದಲ್ಲಿ 8 ಪಂಗಡ, 96 ಎಲೆ; ದಶಾವತಾರ ಗಂಜೀಫಾದಲ್ಲಿ 10 ಪಂಗಡ, 120 ಎಲೆ. ಪ್ರತಿ ಪಂಗಡಕ್ಕೂ ರಾಜ, ಮಂತ್ರಿ ಹಾಗೂ 10 ಅಂಕಿ ಎಲೆಗಳು. ಅರಸರು ರೂಪಿಸಿದ 'ಛದ' ಎಂಬ ಮೈಸೂರಿನ ಆಟಗಳಲ್ಲಿ ಪಂಗಡಗಳು 18ರವರೆಗೆ, ಎಲೆಗಳು 360ರವರೆಗೆ ಬೆಳೆದವು. ಶಾಶ್ವತ ತುರುಪುಗಳೂ ಸೇರಿದವು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ 'ಕೌತುಕನಿಧಿ'ಯಲ್ಲಿ ಇವುಗಳ ವಿವರಣೆ ಇದೆ. ಚದುರಂಗದ ಕುದುರೆ 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ನಡೆಗಳನ್ನೂ ಅವರು ರಚಿಸಿದರು.

ಗಂಜೀಫಾದಲ್ಲಿ ಇಳಿದ ಎಲೆಗಳನ್ನು ನೆನಪಿಟ್ಟವನೇ ಗೆಲ್ಲುವವನು. ಎಲೆಗಳು ಹೆಚ್ಚಿದಷ್ಟೂ ನೆನಪಿನ ಪರೀಕ್ಷೆ ಕಠಿಣ. ಬಹುಶಃ ಅದಕ್ಕಾಗಿಯೇ ಈ ಹೊಸ ಆಟಗಳು ಅರಮನೆಯನ್ನು ದಾಟಿ ಜನಸಾಮಾನ್ಯರನ್ನು ತಲುಪಲಿಲ್ಲ.

ಜನಪ್ರಿಯ ಆಟವೊಂದನ್ನು ತಿದ್ದಿ ಹೊಸದೆಂದು ಮಾರುವ ರೂಢಿ ಮೊಬೈಲ್ ಯುಗದ ಸ್ಲಾಟ್ ಆಟಗಳಲ್ಲಿಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ 19ನೇ ಶತಮಾನದ ಕೊನೆಯಲ್ಲಿ ನಿರ್ಮಿಸಿದ ಯಂತ್ರದಲ್ಲಿದ್ದದ್ದು ಮೂರು ತಿರುಗಾಲಿಗಳು. ಇಂದಿನ ಆನ್‌ಲೈನ್ ನಕಲುಗಳಲ್ಲಿ ತಿರುಗಾಲಿಗಳು, ಚಿತ್ರಗಳು, ಗೆಲುವಿನ ಸಾಲುಗಳು ಹೆಚ್ಚಿವೆ. ಆಡುವವನ ಬುದ್ಧಿಗೆ ಮಾತ್ರ ಕೆಲಸ ಹೆಚ್ಚಿಲ್ಲ. ಗುಂಡಿ ಒತ್ತಿದೊಡನೆ ಫಲಿತಾಂಶವನ್ನು ಗಣಕಯಂತ್ರದ ಯಾದೃಚ್ಛಿಕ ಸಂಖ್ಯೆಯೇ ನಿರ್ಧರಿಸುತ್ತದೆ. ಲೆಕ್ಕ ಸದಾ ಆಡಿಸುವವನ ಪರ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿದ್ದರ ಹಿಂದೆ ಹೀಗೆ ಹಣ ಕಳೆದುಕೊಂಡ ಕುಟುಂಬಗಳ ಸಂಕಟವಿದೆ.

ಕೃಷ್ಣರಾಜರ ನಿಜವಾದ ಪಣ ಎಲೆಗಳ ಮೇಲಿರಲಿಲ್ಲ, ರಾಜ್ಯದ ಮೇಲಿತ್ತು. ಗಂಡು ಸಂತಾನವಿಲ್ಲದ ಅವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮೊದಲು ಒಪ್ಪದಿದ್ದ ಬ್ರಿಟಿಷ್ ಸರ್ಕಾರ 1867ರಲ್ಲಿ ಮಣಿಯಿತು. 1868ರ ಮಾರ್ಚ್ 27ರಂದು ಅರಸರು ಇಹಲೋಕ ತ್ಯಜಿಸಿದರು. 1881ರಲ್ಲಿ ರಾಜ್ಯ ಅವರ ದತ್ತುಪುತ್ರನ ಕೈಸೇರಿತು. ಕೊಡಗಿಗೆ ಮಾತ್ರ ಅದರ ಅರಸುಮನೆತನ ಮರಳಿ ಬರಲಿಲ್ಲ. ಮೂವತ್ತೇಳು ವರ್ಷ ತಾಳ್ಮೆಯಿಂದ ಆಡಿದ ಆ ಆಟದಲ್ಲಿ ಗೆದ್ದದ್ದು ಅದೃಷ್ಟವಲ್ಲ, ಛಲ.