ಮನೆಮನೆಯ ಆಂಟೆನಾಕ್ಕೆ ಹೆಸರಾದ ಹಿದೆತ್ಸುಗು ಯಾಗಿ

ಕರ್ನಾಟಕದಲ್ಲಿ ದೂರದರ್ಶನದ ಪ್ರಸಾರ 1977ರಲ್ಲಿ ಗುಲ್ಬರ್ಗದಿಂದಲೂ 1981ರಲ್ಲಿ ಬೆಂಗಳೂರಿನಿಂದಲೂ ಆರಂಭವಾಯಿತು. 1980ರ ದಶಕದ ಮಧ್ಯಭಾಗದಲ್ಲಿ ಮರುಪ್ರಸಾರ ಕೇಂದ್ರಗಳು ಊರೂರಿಗೆ ಹರಡಿದಂತೆ ಹೆಂಚಿನ ಮಾಡುಗಳ ಮೇಲೂ ತಾರಸಿಗಳ ಮೇಲೂ ಕಬ್ಬಿಣದ ಕೊಳವೆಯ ತುದಿಯಲ್ಲಿ ಮೀನಿನ ಮುಳ್ಳನ್ನು ಹೋಲುವ ಅಲ್ಯೂಮಿನಿಯಂ ಸಲಾಕೆಗಳು ತಲೆಯೆತ್ತಿದವು. ಗಾಳಿಗೆ ಆಂಟೆನಾ ತಿರುಗಿ ಚಿತ್ರ ಕೆಟ್ಟಾಗ ಒಬ್ಬರು ಮಾಡು ಹತ್ತಿ ಅದನ್ನು ತಿರುಗಿಸುವುದು, ಮತ್ತೊಬ್ಬರು ಟಿ.ವಿ. ಮುಂದೆ ನಿಂತು ಬಂತು, ಹೋಯಿತು ಎಂದು ಕೂಗಿ ಹೇಳುವುದು ಅಂದಿನ ಬಹುತೇಕ ಮನೆಗಳ ಅನುಭವವಾಗಿತ್ತು. ಆ ಸಲಾಕೆಗಳ ಜೋಡಣೆಗೆ ತಂತ್ರಜ್ಞರು ಇಟ್ಟ ಹೆಸರು ಯಾಗಿ ಆಂಟೆನಾ. ಯಾಗಿ ಎಂಬುದು ಒಬ್ಬ ಜಪಾನೀ ಪ್ರಾಧ್ಯಾಪಕರ ಹೆಸರೆಂಬುದು ಅದನ್ನು ಕೊಂಡವರಿಗಿರಲಿ, ಮಾರಿದವರಲ್ಲಿಯೂ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ವಿದ್ಯಾಭ್ಯಾಸ ಮತ್ತು ವಿದೇಶವಾಸ

ಹಿದೆತ್ಸುಗು ಯಾಗಿ ಜನಿಸಿದ್ದು 1886ರ ಜನವರಿ 28ರಂದು, ಜಪಾನಿನ ಒಸಾಕಾ ನಗರದಲ್ಲಿ. ಜಪಾನೀ ಲಿಪಿಯಲ್ಲಿ ಅವರ ಮನೆತನದ ಹೆಸರನ್ನು ಬರೆಯುವ ಎರಡು ಅಕ್ಷರಗಳಿಗೆ ಎಂಟು ಮತ್ತು ಮರ ಎಂಬ ಅರ್ಥವಿದೆ. ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ 1909ರಲ್ಲಿ ಪದವಿ ಪಡೆದ ಅವರು ಸೆಂಡೈ ನಗರದಲ್ಲಿ ಅಧ್ಯಾಪನ ವೃತ್ತಿ ಕೈಗೊಂಡರು.

1913ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದ ಯಾಗಿ, ಡ್ರೆಸ್ಡೆನ್‌ನಲ್ಲಿ ಹೈನ್ರಿಕ್ ಬಾರ್ಕ್‌ಹೌಸೆನ್ ಅವರ ಬಳಿ ವಿದ್ಯುತ್ಕಾಂತೀಯ ತರಂಗಗಳ ಉತ್ಪಾದನೆಯನ್ನು ಅಭ್ಯಸಿಸಿದರು. ಮರುವರ್ಷ ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವರು ರಜೆಯ ಮೇಲೆ ಸ್ವಿಟ್ಜರ್ಲೆಂಡಿನಲ್ಲಿದ್ದರು. ಜರ್ಮನಿಗೆ ಮರಳುವ ದಾರಿ ಮುಚ್ಚಿಹೋದ ಕಾರಣ ಲಂಡನ್ನಿಗೆ ಹೋಗಿ, ನಿರ್ವಾತ ಕವಾಟದ ಜನಕರೆನಿಸಿದ ಜಾನ್ ಆಂಬ್ರೋಸ್ ಫ್ಲೆಮಿಂಗ್ ಅವರೊಡನೆಯೂ, ಬಳಿಕ ಅಮೆರಿಕದ ಹಾರ್ವರ್ಡ್‌ನಲ್ಲಿ ಜಿ.ಡಬ್ಲ್ಯು. ಪಿಯರ್ಸ್ ಅವರೊಡನೆಯೂ ಕೆಲಸ ಮಾಡಿದರು. ಯುದ್ಧದ ದೆಸೆಯಿಂದ ಮೂರು ದೇಶಗಳ ಮೂವರು ಅಗ್ರಗಣ್ಯರ ಸಾಮೀಪ್ಯ ಅವರಿಗೆ ದೊರೆಯಿತು. 1916ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1919ರಲ್ಲಿ ಡಾಕ್ಟರೇಟ್ ಪಡೆದು, ಸೆಂಡೈನ ತೊಹೊಕು ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಗುರುವಿನ ಕಲ್ಪನೆ, ಶಿಷ್ಯನ ಪರಿಶ್ರಮ

ಅಂದಿನ ರೇಡಿಯೊ ಲೋಕ ಸಾವಿರಾರು ಮೀಟರ್ ಉದ್ದದ ದೀರ್ಘ ತರಂಗಗಳನ್ನೇ ನೆಚ್ಚಿಕೊಂಡಿತ್ತು. ಕೆಲವೇ ಮೀಟರ್ ಉದ್ದದ ಅತಿ ಹ್ರಸ್ವ ತರಂಗಗಳನ್ನು ಒಂದೇ ದಿಕ್ಕಿಗೆ ದೀಪದ ಕಿರಣದಂತೆ ಹರಿಸಲು ಸಾಧ್ಯವೆಂಬುದು ಯಾಗಿ ಅವರ ನಂಬಿಕೆಯಾಗಿತ್ತು. ಅದನ್ನು ಪ್ರಯೋಗದಲ್ಲಿ ಸಾಧಿಸಿ ತೋರಿಸಿದವರು ಅವರ ವಿಭಾಗದಲ್ಲಿ 1924ರಲ್ಲಿ ಪದವಿ ಮುಗಿಸಿದ ಶಿಂತಾರೊ ಉದಾ.

ವಿದ್ಯುತ್ ಸಂಪರ್ಕವಿರುವ ಒಂದು ಸಲಾಕೆಯ ಹಿಂದೆ ಅದಕ್ಕಿಂತ ತುಸು ಉದ್ದದ ಬರಿಯ ಸಲಾಕೆಯನ್ನು ನಿಲ್ಲಿಸಿದರೆ ಅದು ತರಂಗವನ್ನು ಮುಂದಕ್ಕೆ ಪ್ರತಿಫಲಿಸುತ್ತದೆ. ಮುಂಭಾಗದಲ್ಲಿ ತುಸು ಗಿಡ್ಡ ಸಲಾಕೆಗಳನ್ನು ಸಾಲಾಗಿ ನಿಲ್ಲಿಸಿದರೆ ಅವು ತರಂಗವನ್ನು ತಮ್ಮ ದಿಕ್ಕಿಗೆ ಸೆಳೆದು ಮುನ್ನಡೆಸುತ್ತವೆ. ಯಾವ ತಂತಿಯ ಸಂಪರ್ಕವೂ ಇಲ್ಲದ ಲೋಹದ ತುಂಡುಗಳು ಇಷ್ಟು ಕೆಲಸ ಮಾಡುವುದೇ ಈ ಆವಿಷ್ಕಾರದ ಹೆಚ್ಚುಗಾರಿಕೆ. ಸಲಾಕೆಗಳ ಉದ್ದ, ಅಂತರ ಮತ್ತು ಸಂಖ್ಯೆಗಳನ್ನು ಬದಲಿಸುತ್ತಾ ಉದಾ ನೂರಾರು ಬಾರಿ ಅಳತೆ ನಡೆಸಿ, 1926ರಿಂದ ಜಪಾನೀ ಭಾಷೆಯಲ್ಲಿ ಲೇಖನಮಾಲೆಯೊಂದನ್ನು ಪ್ರಕಟಿಸಿದರು. ಅದೇ ವರ್ಷ ಇಬ್ಬರ ಹೆಸರಿನಲ್ಲಿಯೂ ಜಂಟಿ ಪ್ರಬಂಧ ಪ್ರಕಟವಾಯಿತು.

ಆದರೆ ಜಪಾನಿನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು ಯಾಗಿ ಒಬ್ಬರ ಹೆಸರಿನಲ್ಲಿ. 1928ರಲ್ಲಿ ಅಮೆರಿಕದಲ್ಲಿ ಉಪನ್ಯಾಸ ನೀಡಿ, ಅಲ್ಲಿನ ರೇಡಿಯೊ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಇಂಗ್ಲಿಷ್ ಲೇಖನ ಬರೆದವರೂ ಅವರೇ. ಆ ಲೇಖನದಲ್ಲಿ ಉದಾ ಅವರ ಕೆಲಸವನ್ನು ಯಾಗಿ ಸ್ಮರಿಸಿದ್ದರಾದರೂ, ಜಪಾನೀ ಓದಲರಿಯದ ಜಗತ್ತು ಆಂಟೆನಾವನ್ನು ಯಾಗಿ ಎಂದೇ ಕರೆಯಿತು. ಶಿಷ್ಯನ ಹೆಸರು ಹಿಂದೆ ಸರಿಯಿತು.

ಸ್ವದೇಶದಲ್ಲಿ ಅಪರಿಚಿತ

ಗುರುವಿಗಾದರೂ ತಾಯ್ನಾಡಿನಲ್ಲಿ ಮನ್ನಣೆ ದೊರೆಯಿತೇ ಎಂದರೆ ಅದೂ ಇಲ್ಲ. ಪೇಟೆಂಟಿನ ಹಕ್ಕುಗಳು ಬ್ರಿಟನ್ನಿನಲ್ಲಿ ಮಾರ್ಕೋನಿ ಕಂಪನಿಗೂ ಅಮೆರಿಕದಲ್ಲಿ ಆರ್‌ಸಿಎ ಕಂಪನಿಗೂ ಸೇರಿದವು. ಎರಡನೆಯ ಮಹಾಯುದ್ಧದ ವೇಳೆಗೆ ಬ್ರಿಟನ್ನಿನ ವಿಮಾನಗಳು ಸಮುದ್ರದ ಮೇಲಿನ ಹಡಗುಗಳನ್ನು ಪತ್ತೆಹಚ್ಚುವ ರಾಡಾರಿಗೆ ಈ ಆಂಟೆನಾವನ್ನೇ ಅಳವಡಿಸಿಕೊಂಡಿದ್ದವು. ಜಪಾನಿನ ಸೇನೆ ಮಾತ್ರ, ತರಂಗ ಹೊರಸೂಸಿದರೆ ಶತ್ರುವಿಗೆ ತಮ್ಮ ನೆಲೆಯ ಸುಳಿವು ಸಿಗುತ್ತದೆಂಬ ಅಳುಕಿನಿಂದ ಅದರ ಕಡೆ ಗಮನ ಹರಿಸಲಿಲ್ಲ.

1942ರ ಫೆಬ್ರವರಿಯಲ್ಲಿ ಸಿಂಗಪುರ ವಶವಾದಾಗ ಜಪಾನೀ ಸೈನಿಕರಿಗೆ ಬ್ರಿಟಿಷ್ ರಾಡಾರ್ ತಂತ್ರಜ್ಞನೊಬ್ಬನ ಟಿಪ್ಪಣಿ ಪುಸ್ತಕ ದೊರೆಯಿತು. ಅದರಲ್ಲಿ ಪದೇ ಪದೇ ಬರುತ್ತಿದ್ದ ಯಾಗಿ ಎಂಬ ಪದದ ಅರ್ಥ ಅವರಿಗೆ ಹೊಳೆಯಲಿಲ್ಲ. ವಿಚಾರಣೆಯ ವೇಳೆ ಸೆರೆಯಾಳು, ಅದು ನಿಮ್ಮದೇ ದೇಶದ ಪ್ರಾಧ್ಯಾಪಕರ ಹೆಸರೆಂದು ತಿಳಿಸಿದಾಗ ಅಧಿಕಾರಿಗಳು ಬೆರಗಾದರು. 1945ರಲ್ಲಿ ಹಿರೋಶಿಮಾ ಮತ್ತು ನಾಗಾಸಾಕಿಗಳ ಮೇಲೆ ಬಿದ್ದ ಅಣುಬಾಂಬುಗಳ ಎತ್ತರವನ್ನು ಅಳೆಯುವ ರಾಡಾರ್ ಉಪಕರಣಗಳಲ್ಲಿಯೂ ಇದೇ ಮಾದರಿಯ ಆಂಟೆನಾಗಳಿದ್ದುದು ಇತಿಹಾಸದ ಕ್ರೂರ ವಿಪರ್ಯಾಸ.

ಈ ನಡುವೆ ಯಾಗಿ 1933ರಲ್ಲಿ ಒಸಾಕಾ ಸಾಮ್ರಾಜ್ಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಹೊಣೆ ಹೊತ್ತಿದ್ದರು. ಪ್ರಬಂಧ ಬರೆಯದೆ ಕಾಲ ಕಳೆಯುತ್ತಿದ್ದ ತರುಣ ಅಧ್ಯಾಪಕ ಹಿದೆಕಿ ಯುಕಾವಾ ಅವರನ್ನು ಗದರಿಸಿ ಕೆಲಸಕ್ಕೆ ಹಚ್ಚಿದವರು ಅವರೇ. 1935ರಲ್ಲಿ ಪ್ರಕಟವಾದ ಯುಕಾವಾ ಅವರ ಸಿದ್ಧಾಂತ 1949ರಲ್ಲಿ ಜಪಾನಿಗೆ ಮೊದಲ ನೊಬೆಲ್ ಪ್ರಶಸ್ತಿ ತಂದಿತು. ಯುದ್ಧಾನಂತರ ಒಸಾಕಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಯಾಗಿ, 1953ರಲ್ಲಿ ಸಮಾಜವಾದಿ ಪಕ್ಷದಿಂದ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು. ತಮ್ಮ ಹೆಸರಿನ ಆಂಟೆನಾ ಕಂಪನಿಯ ಅಧ್ಯಕ್ಷರೂ ಆದ ಅವರಿಗೆ 1956ರಲ್ಲಿ ಜಪಾನ್ ಸರ್ಕಾರ ಸಂಸ್ಕೃತಿ ಪದಕ ನೀಡಿ ಗೌರವಿಸಿತು.

ಮನೆಯ ಮೇಲೆ ಯಾಗಿ

ಮನೆಗೆ ಆಂಟೆನಾ ಆಯ್ದು ನಿಲ್ಲಿಸುವವರು ಪಾಲಿಸುವ ಕೆಲವು ನಿಯಮಗಳಿವೆ. ಮೊದಲನೆಯದು ಸಲಾಕೆಯ ಉದ್ದ. ಮುಖ್ಯ ಸಲಾಕೆ ತರಂಗದ ಸುಮಾರು ಅರ್ಧದಷ್ಟಿರಬೇಕು. 60 ಮೆಗಾಹರ್ಟ್ಸ್ ಪ್ರಸಾರಕ್ಕೆ ಸುಮಾರು ಎರಡೂವರೆ ಮೀಟರ್, 200 ಮೆಗಾಹರ್ಟ್ಸಿಗೆ ಸುಮಾರು 75 ಸೆಂಟಿಮೀಟರ್, ಇಂದಿನ ಡಿಜಿಟಲ್ ಪ್ರಸಾರದ 600 ಮೆಗಾಹರ್ಟ್ಸಿಗೆ ಸುಮಾರು 25 ಸೆಂಟಿಮೀಟರ್. ಆದ್ದರಿಂದ ಒಂದು ಚಾನೆಲ್ಲಿಗೆ ಮಾಡಿದ ಆಂಟೆನಾ ಬೇರೊಂದಕ್ಕೆ ಅಷ್ಟಾಗಿ ಒದಗುವುದಿಲ್ಲ.

ಎರಡನೆಯದು ಸಂಖ್ಯೆ. ಪ್ರಸಾರ ಗೋಪುರದ ಸಮೀಪದ ಮನೆಗೆ ಮೂರು ಸಲಾಕೆಗಳು ಸಾಕು. ದೂರ ಹೆಚ್ಚಿದಂತೆ ಮುಂಭಾಗದ ಗಿಡ್ಡ ಸಲಾಕೆಗಳೂ ಹೆಚ್ಚಬೇಕು. ಆದರೆ ಸಲಾಕೆ ಹೆಚ್ಚಿದಷ್ಟೂ ನೋಟ ಕಿರಿದಾಗುವುದರಿಂದ ದಿಕ್ಕು ಕಿಂಚಿತ್ ತಪ್ಪಿದರೂ ಚಿತ್ರ ಕೆಡುತ್ತದೆ. ಮಾಡಿನ ಮೇಲಿನ ಆ ತಿರುಗಿಸಾಟದ ಗುಟ್ಟು ಇದೇ. ಗಿಡ್ಡ ಸಲಾಕೆಗಳಿರುವ ತುದಿ ಸದಾ ಗೋಪುರದತ್ತ ಮುಖ ಮಾಡಿರಬೇಕು. ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಪಕ್ಕದಿಂದ ಬರುವ ತರಂಗ ಹಳೆಯ ಟಿ.ವಿ.ಗಳಲ್ಲಿ ಒಂದರ ಪಕ್ಕ ಮತ್ತೊಂದು ನೆರಳುಚಿತ್ರ ಮೂಡಿಸುತ್ತಿತ್ತು. ಅದನ್ನು ತಡೆಯುವ ಶಕ್ತಿಯೂ ಈ ಏಕಮುಖ ನೋಟಕ್ಕೇ ಇದೆ.

ಮೂರನೆಯದು ಎತ್ತರ. ಈ ತರಂಗಗಳು ಬಹುಮಟ್ಟಿಗೆ ನೇರ ಸಾಗುವುದರಿಂದ ಭೂಮಿಯ ಬಾಗುವಿಕೆ, ಮರ, ಗುಡ್ಡ ಎಲ್ಲವೂ ಅಡ್ಡಿಯೇ. ಮಲೆನಾಡಿನ ಕಣಿವೆಯ ಮನೆಗಳು ಎತ್ತರದ ಕಂಬ ನೆಡಬೇಕಾಗಿ ಬಂದದ್ದು ಇದರಿಂದಲೇ. ಅಂತಹ ಕಂಬವನ್ನು ವಿದ್ಯುತ್ ತಂತಿಗಳಿಂದ ದೂರದಲ್ಲಿ ನೆಟ್ಟು, ಸಿಡಿಲಿನ ರಕ್ಷಣೆಗಾಗಿ ಭೂಮಿಗೆ ತಂತಿ ಜೋಡಿಸುವುದು ಅವಶ್ಯ.

ದೆಹಲಿಗೆ ಬಂದ ಉದಾ

ಈ ಕಥೆಗೆ ಭಾರತದ ನಂಟೂ ಇದೆ. ಯುನೆಸ್ಕೊ ತಜ್ಞರಾಗಿ 1955ರಿಂದ 1958ರವರೆಗೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ದುಡಿದವರು ಬೇರಾರೂ ಅಲ್ಲ, ಶಿಂತಾರೊ ಉದಾ. ಅವರು ಮರಳಿದ ಮರುವರ್ಷ, 1959ರ ಸೆಪ್ಟೆಂಬರಿನಲ್ಲಿ, ಅದೇ ದೆಹಲಿಯಲ್ಲಿ ದೇಶದ ಮೊದಲ ಟಿ.ವಿ. ಪ್ರಸಾರ ಆರಂಭವಾಯಿತು.

ಗುರು ಯಾಗಿ 1976ರ ಜನವರಿ 19ರಂದು, ಹುಟ್ಟುಹಬ್ಬಕ್ಕೆ ಒಂಬತ್ತು ದಿನವಿರುವಾಗ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಉದಾ ಕೂಡ ನಿಧನರಾದರು. ಕಾಲಕ್ರಮೇಣ ಪಠ್ಯಪುಸ್ತಕಗಳು ಯಾಗಿ-ಉದಾ ಆಂಟೆನಾ ಎಂದು ಇಬ್ಬರ ಹೆಸರನ್ನೂ ಕೂಡಿಸಿ ಬರೆಯತೊಡಗಿದವು. 1995ರಲ್ಲಿ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ ಐಇಇಇ, ತೊಹೊಕು ವಿಶ್ವವಿದ್ಯಾಲಯದ ಈ ಸಾಧನೆಯನ್ನು ತಂತ್ರಜ್ಞಾನದ ಮೈಲಿಗಲ್ಲೆಂದು ಘೋಷಿಸಿತು.

ಕೇಬಲ್ ಮತ್ತು ಡಿಶ್ ಬಂದ ಮೇಲೆ ನಮ್ಮ ಮಾಡುಗಳಿಂದ ಯಾಗಿ ಇಳಿಯಿತು. 2021-22ರ ವೇಳೆಗೆ ದೂರದರ್ಶನವೂ ತನ್ನ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನು ಬಹುತೇಕ ಮುಚ್ಚಿತು. ಆದರೂ ಜಪಾನ್, ಅಮೆರಿಕ, ಯುರೋಪುಗಳ ಮನೆಗಳ ಮೇಲೆ ಡಿಜಿಟಲ್ ಪ್ರಸಾರವನ್ನು ಹಿಡಿಯುವ ಆಂಟೆನಾಗಳಲ್ಲಿ ಈ ಸಲಾಕೆಗಳ ಸಾಲು ಇಂದಿಗೂ ಬಳಕೆಯಲ್ಲಿದೆ. ನಮ್ಮ ಹಳೆಯ ಮನೆಗಳ ಮೇಲೆ ಅಲ್ಲಲ್ಲಿ ಉಳಿದಿರುವ ಆಂಟೆನಾ ಕಂಡಾಗ ಗುರುವಿನೊಂದಿಗೆ ಶಿಷ್ಯನನ್ನೂ ನೆನೆಯುವುದು ನ್ಯಾಯ.