ಇನ್‌ಶರ್ಟ್ ಹುಡುಗರು ಮತ್ತು ಫ್ರೆಡರಿಕ್ ಸ್ಯಾಂಗರ್



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನಿಯೊಬ್ಬರ ಜೀವನ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಫ್ರೆಡರಿಕ್ ಸ್ಯಾಂಗರ್ ಅವರನ್ನು ಆರಿಸಿಕೊಂಡೆ. ಕಾರಣ ಮುಚ್ಚಿಡೋದು ಯಾಕೆ? ನನ್ನ ಹಾಗೇ ಅವರಿಗೂ ಗಣಿತ, ಭೌತಶಾಸ್ತ್ರ ಕಷ್ಟವಾಗಿತ್ತು!

ಸ್ಯಾಂಗರ್ ಹುಟ್ಟಿದ್ದು 1918ರ ಆಗಸ್ಟ್ 13ರಂದು, ಇಂಗ್ಲೆಂಡಿನ ರೆಂಡ್‌ಕೂಂಬ್ ಎಂಬ ಹಳ್ಳಿಯಲ್ಲಿ. ತಂದೆ ಡಾಕ್ಟರು. ಮಗ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗಲೇ ತಂದೆ, ತಾಯಿ ಇಬ್ಬರೂ ಕ್ಯಾನ್ಸರ್‌ನಿಂದ ತೀರಿಕೊಂಡರು. ಪದವಿಯ ಮೊದಲ ಭಾಗ ಮುಗಿಸೋಕೆ ಅವರಿಗೆ 3 ವರ್ಷ ಹಿಡಿಯಿತು. ಭೌತಶಾಸ್ತ್ರ ಬಿಟ್ಟು ಬೇರೆ ವಿಷಯ ತೆಗೆದುಕೊಂಡರು. ಆಮೇಲೆ ಜೀವರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆ ಬಂತು.

ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಗೊತ್ತಲ್ಲ? ಅದರಲ್ಲಿ 51 ಅಮೈನೋ ಆಮ್ಲಗಳಿವೆ. ಯಾವುದರ ಪಕ್ಕ ಯಾವುದಿದೆ ಅಂತ ಸ್ಯಾಂಗರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ತುಂಡು ಮಾಡಿ ಮಾಡಿ ನೋಡಿದರು. 1955ರಲ್ಲಿ ಕೆಲಸ ಪೂರ್ತಿಯಾಯಿತು, 1958ರಲ್ಲಿ ನೊಬೆಲ್ ಬಂತು. ನಾವಾಗಿದ್ದರೆ ಹಾರ ಹಾಕಿಸಿಕೊಂಡು ಕೂತಿರುತ್ತಿದ್ದೆವು! ಅವರು ಮತ್ತೆ ಪ್ರಯೋಗಶಾಲೆಗೇ ಹೋದರು. ಈಗ ಡಿ.ಎನ್.ಎ. ಓದುವ ಆಸೆ.

ಡಿ.ಎನ್.ಎ.ಯಲ್ಲಿ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಆದರೆ ಸಾಲು ಬಲು ಉದ್ದ, ಸೂಕ್ಷ್ಮದರ್ಶಕದಲ್ಲಿ ಇಟ್ಟು ಓದೋಕಾಗಲ್ಲ. 1977ರಲ್ಲಿ ಸ್ಯಾಂಗರ್, ನಿಕ್ಲೆನ್, ಕೌಲ್ಸನ್ ಮೂವರೂ ಪ್ರಕಟಿಸಿದ ಉಪಾಯ ನನಗೆ ಮೂರು ಸಲ ಓದಿದರೂ ಹತ್ತಲಿಲ್ಲ. ಕೊನೆಗೆ ನಮ್ಮ ರೈಲು ಆಟದಿಂದ ತಿಳೀತು.

ಮುಂದಿನವನ ಅಂಗಿಯ ತುದಿ ಹಿಡಿದು ಸಾಲಾಗಿ ಓಡ್ತೀವಲ್ಲ, ಹಾಗೇ ಡಿ.ಎನ್.ಎ.ಯ ಅಕ್ಷರಗಳೂ ಒಂದರ ಹಿಂದೆ ಒಂದು ಸೇರುತ್ತವೆ. ಸೇರಿಸುವ ಪಿ.ಟಿ. ಮೇಷ್ಟ್ರು ಪಾಲಿಮರೇಸ್ ಎಂಬ ಕಿಣ್ವ. ಅದು ಹಳೆಯ ಎಳೆಯನ್ನು ಪಟ್ಟಿಯ ಹಾಗೆ ಇಟ್ಟುಕೊಂಡು, ಎ ಎದುರು ಟಿ, ಜಿ ಎದುರು ಸಿ ಅಂತ ಜೋಡಿ ನೋಡಿ ಹೊಸ ಸಾಲು ಕಟ್ಟುತ್ತದೆ. ಸಾಲು ಶುರುವಾಗೋಕೆ ಎಂಜಿನ್ ತರಹ ಒಂದು ಚಿಕ್ಕ ತುಂಡು ಇರಬೇಕು. ಈಗ ಯಾರೋ ಒಬ್ಬ ಇನ್‌ಶರ್ಟ್ ಮಾಡಿಕೊಂಡು ಬಂದು ಸೇರಿಕೊಂಡ ಅನ್ನಿ. ಹಿಂದಿನವನಿಗೆ ಹಿಡಿಯೋಕೆ ತುದಿಯೇ ಇಲ್ಲ! ರೈಲು ಅಲ್ಲಿಗೇ ನಿಂತಿತು. ಅಂಥ ತುದಿಯಿಲ್ಲದ ಅಕ್ಷರವೇ ಡೈಡಿಆಕ್ಸಿ.

ನಾಲ್ಕು ನಳಿಕೆಗಳಲ್ಲೂ ಮಾಮೂಲಿ ಅಕ್ಷರಗಳನ್ನೇ ಧಾರಾಳವಾಗಿ ಹಾಕುತ್ತಾರೆ. ಜೊತೆಗೆ ಒಂದಕ್ಕೆ ಇನ್‌ಶರ್ಟ್ ಎ, ಇನ್ನೊಂದಕ್ಕೆ ಇನ್‌ಶರ್ಟ್ ಟಿ, ಹೀಗೆ ಒಂದೊಂದಕ್ಕೆ ಒಂದೊಂದನ್ನು ಸ್ವಲ್ಪವೇ ಬೆರೆಸುತ್ತಾರೆ. ಜಾಸ್ತಿ ಹಾಕಿದರೆ ಎಲ್ಲಾ ರೈಲೂ ಶುರುವಿನಲ್ಲೇ ನಿಂತುಬಿಡುತ್ತವೆ. ಹೊಸ ಸಾಲು ಎ-ಟಿ-ಜಿ-ಎ-ಸಿ-ಎ ಆಗಬೇಕಿದ್ದರೆ, ಎ ನಳಿಕೆಯಲ್ಲಿ ಕೆಲವು ರೈಲು 1ನೇ ಅಕ್ಷರಕ್ಕೆ, ಕೆಲವು 4ಕ್ಕೆ, ಕೆಲವು 6ಕ್ಕೆ ನಿಲ್ಲುತ್ತವೆ. ಟಿಯಲ್ಲಿ 2ಕ್ಕೆ, ಜಿಯಲ್ಲಿ 3ಕ್ಕೆ, ಸಿಯಲ್ಲಿ 5ಕ್ಕೆ. ಈ ನಾಲ್ಕನ್ನೂ ತೆಳುವಾದ ಜೆಲ್ ಹಾಳೆಯ ಮೇಲ್ತುದಿಯಲ್ಲಿ ಪಕ್ಕಪಕ್ಕ ಹಾಕಿ ಕರೆಂಟು ಹರಿಸಿದರೆ, ಗಿಡ್ಡ ತುಂಡು ಬೇಗ ಕೆಳಗಿಳಿಯುತ್ತೆ, ಉದ್ದದ್ದು ಹಿಂದೆ ಉಳಿಯುತ್ತೆ. ಅಕ್ಷರಗಳಲ್ಲಿ ವಿಕಿರಣ ಸೂಸುವ ರಂಜಕ ಸೇರಿಸಿರುತ್ತಾರೆ, ಅದರಿಂದ ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋದರೆ ಸಾಲು ಸಿಕ್ಕಿತು!

1980ರಲ್ಲಿ ಎರಡನೇ ನೊಬೆಲ್. ರಸಾಯನಶಾಸ್ತ್ರದಲ್ಲಿ ಎರಡು ಸಲ ಪಡೆದವರು ಇವರು, ಮತ್ತು 2022ರಲ್ಲಿ ಬ್ಯಾರಿ ಶಾರ್ಪ್‌ಲೆಸ್. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯೂ ಇದೇ ಉಪಾಯದ ಮೇಲೆ ನಡೆಯಿತು. ಆಗ ರಂಜಕದ ಬದಲು ಬಣ್ಣ ಬಂದಿತ್ತು, ಓದೋಕೆ ಯಂತ್ರ ಬಂದಿತ್ತು.

ಸರ್ ಪದವಿ ಕೊಡ್ತೀವಿ ಅಂದರೂ ಸ್ಯಾಂಗರ್ ಬೇಡ ಅಂದರು. ಯಾರೂ ತಮ್ಮನ್ನು ಸರ್ ಅನ್ನೋದು ಅವರಿಗೆ ಇಷ್ಟವಿರಲಿಲ್ಲ. (ನಮ್ಮ ಮೇಷ್ಟ್ರುಗಳು ಕ್ಷಮಿಸಬೇಕು.) 1983ರಲ್ಲಿ ನಿವೃತ್ತರಾಗಿ ತೋಟದ ಕೆಲಸಕ್ಕೆ ಇಳಿದರು. 2013ರ ನವೆಂಬರ್ 19ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಅರ್ಥವಾಗದವರು ಶನಿವಾರ ಶಾಲೆ ಬಿಟ್ಟ ಮೇಲೆ ಬಯಲಿಗೆ ಬನ್ನಿ, ಆಡಿ ತೋರಿಸ್ತೀನಿ. ಇನ್‌ಶರ್ಟ್ ಮಾಡಿಕೊಂಡವರು 4 ಜನ ಬೇಕು.